ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಒಳಗೆ ಬೆಳೆಯುವ ಅಂಟುಗಳು: ಅವು ಹುಟ್ಟುವ ಬಗೆ, ತಡೆಯುವ ದಾರಿ

ಹೊಟ್ಟೆಯ ಮೇಲಿನ ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಕಲೆ ಮಸುಕಾಗುತ್ತ ಬಂದ ಮೇಲೆ ಶಸ್ತ್ರಚಿಕಿತ್ಸೆಯ ಪ್ರಸಂಗ ಮುಗಿಯಿತೆಂದು ರೋಗಿಯೂ ಮನೆಯವರೂ ನಿರಾಳರಾಗುತ್ತಾರೆ. ಆದರೆ ಚರ್ಮದ ಮೇಲೆ ಕಲೆ ಉಳಿದಂತೆ ಹೊಟ್ಟೆಯ ಒಳಗೂ ಗಾಯದ ಗುರುತು ಉಳಿದಿರುತ್ತದೆ. ಒಂದರ ಮೇಲೊಂದು ಸರಾಗವಾಗಿ ಜಾರಾಡಬೇಕಾದ ಕರುಳಿನ ಸುರುಳಿಗಳು ಪರಸ್ಪರ ಅಂಟಿಕೊಂಡಿರಬಹುದು, ಕರುಳು ಹೊಟ್ಟೆಯ ಗೋಡೆಗೆ ಕಚ್ಚಿಕೊಂಡಿರಬಹುದು, ಗರ್ಭಕೋಶ ಮೂತ್ರಕೋಶಕ್ಕೆ ಬೆಸೆದುಕೊಂಡಿರಬಹುದು, ಅಂಡನಾಳದ ತುದಿ ಅಂಡಾಶಯದಿಂದ ದೂರ ಸರಿದು ಬೇರೆಲ್ಲೋ ಹಿಡಿದುಕೊಂಡಿರಬಹುದು. ಇಂಥ ಜೋಡಣೆಗಳನ್ನು ವೈದ್ಯರು ಅಡ್ಹೆಷನ್ ಎನ್ನುತ್ತಾರೆ. ಕೆಲವು ಜೇಡರ ಬಲೆಯಷ್ಟು ತೆಳುವಾದ ಪೊರೆಗಳು, ಕೆಲವು ಹುರಿಯಂತೆ ಗಟ್ಟಿಯಾದ ಪಟ್ಟಿಗಳು, ಇನ್ನು ಕೆಲವು ಎರಡು ಅಂಗಗಳ ನಡುವೆ ಗಡಿಯೇ ಇಲ್ಲದಂತೆ ಮಾಡುವ ದಟ್ಟ ಬೆಸುಗೆಗಳು.

ಇದು ಅಪರೂಪದ ತೊಡಕಲ್ಲ. ಈ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ 210 ಮಂದಿಯ ಹೊಟ್ಟೆಯನ್ನು ಮತ್ತೆ ತೆರೆದಾಗ ಅವರಲ್ಲಿ ಶೇಕಡಾ 93ರಷ್ಟು ಜನರಲ್ಲಿ ಅಂಟುಗಳಿದ್ದವೆಂದು ಬ್ರಿಟನ್ನಿನಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೊದಲ ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅದೇ ಪ್ರಮಾಣ ಶೇಕಡಾ 10ರ ಆಸುಪಾಸಿನಲ್ಲಿತ್ತು. ಆ ಹತ್ತರಷ್ಟು ಜನರಲ್ಲಿ ಕಂಡವು ಹುಟ್ಟಿನಿಂದ ಬಂದವು ಅಥವಾ ಹಿಂದೆಂದೋ ಆದ ಉರಿಯೂತದಿಂದ ಉಳಿದವು. ಅಪೆಂಡಿಕ್ಸ್ ಉರಿಯೂತ, ಕಿಬ್ಬೊಟ್ಟೆಯ ಸೋಂಕು, ಹೊಟ್ಟೆಯ ಕ್ಷಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ), ವಿಕಿರಣ ಚಿಕಿತ್ಸೆ ಇವುಗಳಿಂದಲೂ ಅಂಟು ಬೆಳೆಯುತ್ತದೆ. ಆದರೂ ಬಹುಪಾಲಿಗೆ ಕಾರಣ ಶಸ್ತ್ರಚಿಕಿತ್ಸೆಯೇ.

ಈ ಅಂಕಿಯನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಅಂಟುಗಳಿರುವವರಲ್ಲಿ ಹೆಚ್ಚಿನವರಿಗೆ ಅವು ಇವೆಯೆಂಬುದೇ ಜೀವನಪೂರ್ತಿ ತಿಳಿಯುವುದಿಲ್ಲ. ಆದರೆ ತೊಂದರೆ ಕೊಡುವ ಅಲ್ಪಭಾಗವೂ ಒಟ್ಟು ಲೆಕ್ಕದಲ್ಲಿ ದೊಡ್ಡದೇ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ 1986ರಲ್ಲಿ ಹೊಟ್ಟೆ ಅಥವಾ ಕಿಬ್ಬೊಟ್ಟೆಯ ತೆರೆದ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 30,000 ಮಂದಿಯ ದಾಖಲೆಗಳನ್ನು ಹತ್ತು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನ 1999ರಲ್ಲಿ ಹೊರಬಂತು. ಅವರಲ್ಲಿ ಮೂವರಿಗೆ ಒಬ್ಬರಿಗಿಂತ ತುಸು ಹೆಚ್ಚು ಜನ, ಅಂಟಿಗೆ ಸಂಬಂಧಪಟ್ಟ ಅಥವಾ ಸಂಬಂಧಪಟ್ಟಿರಬಹುದಾದ ತೊಂದರೆಗಾಗಿಯೋ, ಅಂಟಿನಿಂದ ಜಟಿಲವಾಗಬಹುದಾದ ಇನ್ನೊಂದು ಶಸ್ತ್ರಚಿಕಿತ್ಸೆಗಾಗಿಯೋ ಸರಾಸರಿ ಎರಡು ಬಾರಿ ಮತ್ತೆ ಆಸ್ಪತ್ರೆ ಸೇರಿದ್ದರು. ನೇರವಾಗಿ ಅಂಟಿನಿಂದಲೇ ಆದ ದಾಖಲಾತಿಗಳು ಇವುಗಳಲ್ಲಿ ಶೇಕಡಾ 6ರ ಒಳಗಿದ್ದವು. ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ಆ ಅಧ್ಯಯನದ ಇನ್ನೊಂದು ಮಾತು: ಮರುದಾಖಲಾತಿಗಳಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಮೊದಲ ವರ್ಷದಲ್ಲಿ ಆದವು, ಉಳಿದವು ಹತ್ತೂ ವರ್ಷಗಳ ಉದ್ದಕ್ಕೆ ನಿಲ್ಲದೆ ಬರುತ್ತಲೇ ಇದ್ದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತಮ್ಮ ಕೆಲಸದ ಈ ದೂರದ ಪರಿಣಾಮ ಕಣ್ಣಿಗೆ ಬೀಳದಿರುವುದಕ್ಕೂ, ಈ ವಿಷಯಕ್ಕೆ ಸಲ್ಲಬೇಕಾದ ಗಮನ ಸಲ್ಲದಿರುವುದಕ್ಕೂ ಇದೇ ಕಾರಣವೆಂದು ತೋರುತ್ತದೆ.

ತೊಂದರೆ ಮುಖ್ಯವಾಗಿ ನಾಲ್ಕು ರೂಪದಲ್ಲಿ ಬರುತ್ತದೆ. ಅತ್ಯಂತ ಅಪಾಯಕಾರಿಯಾದುದು ಕರುಳಿನ ಅಡಚಣೆ: ಗಟ್ಟಿಯಾದ ಪಟ್ಟಿಯೊಂದರ ಅಡಿಯಲ್ಲಿ ಸಣ್ಣಕರುಳು ಸಿಕ್ಕಿಕೊಂಡು ಅಥವಾ ಅಂಟಿದ ಜಾಗದಲ್ಲಿ ಮಡಚಿಕೊಂಡು ಒಳಗಿನ ಹರಿವು ನಿಂತುಹೋಗುತ್ತದೆ. ಸಣ್ಣಕರುಳಿನ ಅಡಚಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಂಟಿನಿಂದಲೇ ಆಗುತ್ತವೆ. ಕರುಳು ತಿರುಚಿಕೊಂಡು ರಕ್ತಸಂಚಾರವೂ ನಿಂತರೆ ಗಂಟೆಗಳ ಲೆಕ್ಕದಲ್ಲಿ ಆ ಭಾಗ ಸಾಯುತ್ತದೆ. ಎರಡನೆಯದು ಮಹಿಳೆಯರಲ್ಲಿ ಗರ್ಭಧಾರಣೆಗೆ ಬರುವ ಅಡ್ಡಿ. ಮೂರನೆಯದು ಮುಂದಿನ ಶಸ್ತ್ರಚಿಕಿತ್ಸೆಯ ಕಷ್ಟ: ಅಂಟುಗಳನ್ನು ಬಿಡಿಸಿಕೊಂಡು ಒಳಗೆ ಹೋಗುವಷ್ಟರಲ್ಲಿ ಸಮಯ ವ್ಯಯವಾಗುವುದಲ್ಲದೆ, ಗೋಡೆಗೆ ಕಚ್ಚಿಕೊಂಡಿರುವ ಕರುಳು ತಿಳಿಯದೆ ತೂತಾಗುವ ಭಯವೂ ಇರುತ್ತದೆ. ನಾಲ್ಕನೆಯದು ಬಹುಕಾಲ ಕಾಡುವ ಹೊಟ್ಟೆನೋವು. ಈ ಕೊನೆಯದರ ವಿಚಾರದಲ್ಲಿ ಕಾರಣ ಮತ್ತು ಪರಿಣಾಮಗಳ ಸಂಬಂಧ ಉಳಿದ ಮೂರರಷ್ಟು ನೇರವಾಗಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಒಳಪೊರೆ ಮಾಯುವ ಬಗೆ

ತಡೆಯುವ ಉಪಾಯಗಳೆಲ್ಲ ಅರ್ಥವಾಗಬೇಕಾದರೆ ಹೊಟ್ಟೆಯ ಒಳಪೊರೆಯನ್ನು ಅರಿಯಬೇಕು. ಪೆರಿಟೋನಿಯಂ ಎಂಬ ಈ ಪೊರೆ ಹೊಟ್ಟೆಯ ಗೋಡೆಯ ಒಳಬದಿಗೂ, ಕರುಳು ಮೊದಲಾದ ಅಂಗಗಳ ಹೊರಮೈಗೂ ಹೊದಿಕೆಯಾಗಿರುತ್ತದೆ. ಬಿಡಿಸಿ ಹರಡಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ಮೈಚರ್ಮದಷ್ಟೇ ಆಗುತ್ತದೆ. ಇಷ್ಟು ವಿಶಾಲವಾದ ಪೊರೆಯ ಮೇಲ್ಪದರದಲ್ಲಿ ಇರುವುದು ಒಂದೇ ಒಂದು ಸಾಲಿನ ಚಪ್ಪಟೆ ಜೀವಕೋಶಗಳು, ಅವುಗಳ ಹೆಸರು ಮೀಸೋಥೀಲಿಯಲ್ ಕೋಶಗಳು. ಅವುಗಳ ನಡುವಿನ ಹಿಡಿತ ಎಷ್ಟು ಸಡಿಲವೆಂದರೆ ಒಣಬಟ್ಟೆ ತೀಡಿದರೂ ಸಾಕು, ಕಿತ್ತುಬರುತ್ತವೆ. ಗಾಳಿಗೆ ಒಡ್ಡಿಕೊಂಡು ಒಣಗಿದರೂ ಹಾಳಾಗುತ್ತವೆ. ಆರೋಗ್ಯವಂತರ ಹೊಟ್ಟೆಯಲ್ಲಿ ಕೆಲವೇ ಚಮಚೆಗಳಷ್ಟು ತೆಳುದ್ರವ ಈ ಪೊರೆಯ ಮೇಲೆ ಹರಡಿಕೊಂಡು ಅಂಗಗಳು ಜಾರಾಡಲು ನೆರವಾಗುತ್ತದೆ.

ಈ ಪೊರೆ ಮಾಯುವ ರೀತಿ ಚರ್ಮದಂತಲ್ಲ. ಚರ್ಮದ ಗಾಯ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುವುದರಿಂದ ದೊಡ್ಡ ಗಾಯಕ್ಕೆ ಹೆಚ್ಚು ದಿನ ಬೇಕಾಗುತ್ತದೆ. ಒಳಪೊರೆಯಾದರೋ ಗಾಯದ ಇಡೀ ಮೇಲ್ಮೈಯಲ್ಲಿ ಒಟ್ಟಿಗೇ ಹೊಸ ಕೋಶಗಳನ್ನು ಬೆಳೆಸಿಕೊಳ್ಳುತ್ತದೆ. ಹಾಗಾಗಿ ಗಾಯ ಬೆರಳಗಲವಿರಲಿ, ಅಂಗೈಯಗಲವಿರಲಿ, ಸುಮಾರು ಐದರಿಂದ ಎಂಟು ದಿನಗಳಲ್ಲಿ ಮಾಯುತ್ತದೆ. ಈ ಒಂದು ವಾರದ ಅವಧಿಯೇ ಇಡೀ ವಿಷಯದ ತಿರುಳು. ಅಂಟು ಬೆಳೆಯುತ್ತದೆಯೋ ಇಲ್ಲವೋ ಎಂಬುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಶುರುವಾಗಿ ಈ ವಾರ ಮುಗಿಯುವಷ್ಟರಲ್ಲಿ ತೀರ್ಮಾನವಾಗಿಬಿಡುತ್ತದೆ. ತೊಂದರೆ ಹತ್ತು ವರ್ಷಗಳ ನಂತರ ಕಾಣಿಸಿಕೊಂಡರೂ ಅದರ ಬುನಾದಿ ಬಿದ್ದದ್ದು ಆ ವಾರದಲ್ಲೇ.

ಆ ವಾರದಲ್ಲಿ ನಡೆಯುವುದು ಇಷ್ಟು. ಪೊರೆಗೆ ಪೆಟ್ಟಾದೊಡನೆ ಅಲ್ಲಿಂದ ರಕ್ತವೂ ಉರಿಯೂತದ ದ್ರವವೂ ಒಸರುತ್ತವೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಎಳೆಗಳ ಬಲೆ ಕೆಲವೇ ಗಂಟೆಗಳಲ್ಲಿ ಗಾಯದ ಮೇಲೆ ಹರಡಿಕೊಳ್ಳುತ್ತದೆ. ಹತ್ತಿರದಲ್ಲೇ ಇನ್ನೊಂದು ಗಾಯಗೊಂಡ ಮೇಲ್ಮೈ ಇದ್ದರೆ ಎರಡನ್ನೂ ಈ ಬಲೆ ಸೇತುವೆಯಂತೆ ಜೋಡಿಸುತ್ತದೆ. ಈ ಹಂತದಲ್ಲಿ ಅದು ಇನ್ನೂ ಒಣಗದ ಗೋಂದಿನಂತೆ, ಸುಲಭವಾಗಿ ಬಿಡಿಸಿಹೋಗುತ್ತದೆ. ಬಿಡಿಸುವ ವ್ಯವಸ್ಥೆಯನ್ನೂ ದೇಹ ಇಟ್ಟುಕೊಂಡಿದೆ. ಮೀಸೋಥೀಲಿಯಲ್ ಕೋಶಗಳು ಟಿಶ್ಯೂ ಪ್ಲಾಸ್ಮಿನೋಜೆನ್ ಆಕ್ಟಿವೇಟರ್ ಎಂಬ ಪದಾರ್ಥವನ್ನು ಸ್ರವಿಸುತ್ತವೆ. ಅದು ರಕ್ತದಲ್ಲಿರುವ ಪ್ಲಾಸ್ಮಿನೋಜೆನನ್ನು ಪ್ಲಾಸ್ಮಿನ್ ಆಗಿ ಮಾರ್ಪಡಿಸುತ್ತದೆ. ಪ್ಲಾಸ್ಮಿನ್ ಫೈಬ್ರಿನ್ ಎಳೆಗಳನ್ನು ಕತ್ತರಿಸಿ ಕರಗಿಸುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಸುಮಾರು ಮೂರು ದಿನಗಳಲ್ಲಿ ಬಲೆ ಕರಗಿ, ಅದರ ಕೆಳಗೆ ಹೊಸ ಪೊರೆ ಮೂಡಿ, ಎರಡು ಮೇಲ್ಮೈಗಳೂ ಬೇರೆಬೇರೆಯಾಗಿ ಉಳಿಯುತ್ತವೆ.

ಆದರೆ ಶಸ್ತ್ರಚಿಕಿತ್ಸೆಯ ಪೆಟ್ಟು ಈ ವ್ಯವಸ್ಥೆಯನ್ನೇ ಕುಂದಿಸುತ್ತದೆ. ಆಕ್ಟಿವೇಟರ್ ಸ್ರವಿಸುವ ಕೋಶಗಳೇ ಕಿತ್ತುಹೋಗಿರುತ್ತವೆ. ಉಳಿದ ಕೋಶಗಳಿಗೆ ರಕ್ತವೂ ಆಮ್ಲಜನಕವೂ ಸಾಲದೆ ಹೋದಾಗ ಅವು ಆಕ್ಟಿವೇಟರನ್ನು ಕಡಿಮೆ ಸ್ರವಿಸಿ, ಅದನ್ನು ತಡೆಹಿಡಿಯುವ ಪದಾರ್ಥವನ್ನೇ ಹೆಚ್ಚಾಗಿ ಸ್ರವಿಸುತ್ತವೆ. ಫೈಬ್ರಿನ್ ಕರಗದೆ ಉಳಿಯುತ್ತದೆ. ಅದರೊಳಕ್ಕೆ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ನುಸುಳಿ ಕೊಲಾಜೆನ್ ನಾರನ್ನು ನೇಯತೊಡಗುತ್ತವೆ. ಹಿಂದೆಯೇ ಸಣ್ಣ ರಕ್ತನಾಳಗಳೂ, ಕೆಲವೊಮ್ಮೆ ನರದ ಎಳೆಗಳೂ ಬೆಳೆದು ಬರುತ್ತವೆ. ಅಲ್ಲಿಗೆ ಅದು ಕರಗುವ ಬಲೆಯಾಗಿ ಉಳಿಯದೆ ರಕ್ತಸಂಚಾರವಿರುವ ಶಾಶ್ವತ ಅಂಗಾಂಶವಾಗುತ್ತದೆ. ಒಂದು ಕಡೆ ಬಲೆ ಕರಗಿಸುವ ಕೆಲಸ, ಇನ್ನೊಂದು ಕಡೆ ಅದನ್ನೇ ಹಂದರ ಮಾಡಿಕೊಂಡು ನಾರು ನೇಯುವ ಕೆಲಸ: ಯಾವುದು ಮೊದಲು ಮುಗಿಯುತ್ತದೆ ಎಂಬುದರ ಮೇಲೆ ಫಲ ನಿಂತಿದೆ. ತಡೆಯುವ ಪ್ರತಿಯೊಂದು ಉಪಾಯವೂ ಪೆಟ್ಟನ್ನು ಕಡಿಮೆ ಮಾಡುವ, ಕರಗುವಿಕೆಗೆ ಅವಕಾಶ ಕೊಡುವ ಅಥವಾ ಆ ವಾರದ ಮಟ್ಟಿಗೆ ಎರಡು ಮೇಲ್ಮೈಗಳನ್ನು ದೂರ ಇಡುವ ಪ್ರಯತ್ನವೇ ಆಗಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಟು ಎಂಬುದು ದೇಹದ ತಪ್ಪು ಮಾತ್ರವಲ್ಲ. ಅಪೆಂಡಿಕ್ಸ್ ಒಡೆದಾಗ ಕೊಬ್ಬಿನ ಪರದೆಯಂತಿರುವ ಒಮೆಂಟಮ್ ಬಂದು ಸುತ್ತಲೂ ಅಂಟಿಕೊಂಡು ಕೀವು ಇಡೀ ಹೊಟ್ಟೆಗೆ ಹರಡದಂತೆ ತಡೆಯುತ್ತದೆ. ರಕ್ತ ಸಾಲದೆ ಸಾಯುತ್ತಿರುವ ಅಂಗಾಂಶಕ್ಕೆ ಅಂಟಿನ ಮೂಲಕ ಹೊಸ ರಕ್ತನಾಳಗಳು ತಲಪುತ್ತವೆ. ಕರುಳಿನ ಎರಡು ತುದಿಗಳನ್ನು ಜೋಡಿಸಿ ಹೊಲಿದಾಗ ಆ ಹೊಲಿಗೆಯ ಜಾಗ ಭದ್ರವಾಗಿ ಮುಚ್ಚಿಕೊಳ್ಳುವುದರಲ್ಲೂ ಇದೇ ಫೈಬ್ರಿನ್ನಿನ ಪಾಲಿದೆ. ಆದ್ದರಿಂದ ಮಾಯುವಿಕೆಯನ್ನೇ ಅಡಗಿಸಿ ಅಂಟನ್ನು ತಡೆಯುವ ಚಿಕಿತ್ಸೆ ಗಾಯವನ್ನೇ ಮಾಯದಂತೆ ಮಾಡೀತು. ಸ್ಟೀರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ನೋವುನಿವಾರಕ ಉರಿಯೂತಶಾಮಕಗಳು ಮುಂತಾಗಿ ಹಲವು ಔಷಧಿಗಳನ್ನು ಈ ಉದ್ದೇಶಕ್ಕೆ ಬಳಸಿ ನೋಡಲಾಗಿದ್ದರೂ ಮನುಷ್ಯರಲ್ಲಿ ನೆಚ್ಚಬಹುದಾದ ಫಲ ಯಾವುದರಿಂದಲೂ ಸಿಗದಿರುವುದಕ್ಕೆ ಈ ಇಕ್ಕಟ್ಟೂ ಒಂದು ಕಾರಣ.

ಶಸ್ತ್ರವೈದ್ಯರ ಕೈಯಲ್ಲಿರುವುದು

ತಡೆಗಟ್ಟುವಿಕೆಯ ಬಹುದೊಡ್ಡ ಪಾಲು ಯಾವ ಔಷಧಿಯಲ್ಲೂ ಇಲ್ಲ, ಶಸ್ತ್ರವೈದ್ಯರ ಕೈಯ ನಯದಲ್ಲಿದೆ ಎಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬಯಸುವ ಮಾತು. ಅಂಗಗಳನ್ನು ಬೇಕಾದಷ್ಟೇ ಮುಟ್ಟುವುದು, ಇಕ್ಕಳದಲ್ಲಿ ಒತ್ತಿ ಹಿಡಿಯದಿರುವುದು, ಹೊರಗೆ ತೆಗೆದಿಟ್ಟ ಕರುಳನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ನೆನೆಸಿದ ಬಟ್ಟೆಯಿಂದ ಮುಚ್ಚಿ ಒಣಗದಂತೆ ನೋಡಿಕೊಳ್ಳುವುದು, ಒಣ ಗಾಜ್ ಬಟ್ಟೆಯಿಂದ ಒರೆಸದಿರುವುದು ಇವು ನೋಡಲು ಸಣ್ಣ ಸಂಗತಿಗಳು. ಒಂದೇ ಸಾಲಿನ ಕೋಶಗಳ ಆ ಪೊರೆಯ ಪಾಲಿಗೆ ಅವು ಸಣ್ಣವಲ್ಲ. ರಕ್ತಸ್ರಾವವನ್ನು ಪೂರ್ತಿ ನಿಲ್ಲಿಸಬೇಕು, ಏಕೆಂದರೆ ಉಳಿದ ರಕ್ತವೇ ಫೈಬ್ರಿನ್ನಿನ ಮೂಲ. ಆದರೆ ನಿಲ್ಲಿಸುವ ಭರದಲ್ಲಿ ವಿದ್ಯುತ್ ಉಪಕರಣದಿಂದ ಸುತ್ತಲಿನ ಅಂಗಾಂಶವನ್ನು ವಿಪರೀತ ಸುಟ್ಟರೆ ಸತ್ತ ಅಂಗಾಂಶ ಉಳಿದು ಅದೇ ಅಂಟಿಗೆ ನೆಲೆಯಾಗುತ್ತದೆ. ದಾರ ತೆಳ್ಳಗಿರಬೇಕು, ಅಗತ್ಯಕ್ಕಿಂತ ಹೆಚ್ಚಿನ ಹೊಲಿಗೆ ಇರಬಾರದು. ಕರುಳಿನೊಳಗಿನ ದ್ರವ, ಪಿತ್ತಕೋಶದ ಕಲ್ಲು ಹೊಟ್ಟೆಯೊಳಗೆ ಚೆಲ್ಲದಂತೆ, ಚೆಲ್ಲಿದರೆ ಪೂರ್ತಿ ತೊಳೆದು ತೆಗೆಯುವಂತೆ ಎಚ್ಚರ ವಹಿಸಬೇಕು.

ಹೊರಗಿನಿಂದ ಒಳಹೊಕ್ಕ ಕಣಗಳೂ ಅಂಟಿಗೆ ಕಾರಣವಾಗುತ್ತವೆ. ಕೈಗವಸು ಸುಲಭವಾಗಿ ತೊಡಲೆಂದು ಒಂದು ಕಾಲದಲ್ಲಿ ಟಾಲ್ಕ್ ಪುಡಿ ಹಾಕುತ್ತಿದ್ದರು. ಆ ಪುಡಿ ಹೊಟ್ಟೆಯೊಳಗೆ ಉದುರಿ ಸುತ್ತಲೂ ಗಂಟುಗಳು, ಅಂಟುಗಳು ಬೆಳೆಯುತ್ತಿದ್ದುದು ತಿಳಿದ ಮೇಲೆ ಪಿಷ್ಟದ ಪುಡಿ ಬಂತು. ಅದೂ ನಿರುಪದ್ರವಿಯಲ್ಲವೆಂದು ದಶಕಗಳ ಅನುಭವ ತೋರಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪುಡಿಯುಳ್ಳ ವೈದ್ಯಕೀಯ ಕೈಗವಸುಗಳನ್ನು 2017ರ ಜನವರಿಯಿಂದ ನಿಷೇಧಿಸಿತು; ಅದು ಕೊಟ್ಟ ಕಾರಣಗಳಲ್ಲಿ ಹೊಟ್ಟೆಯೊಳಗಿನ ಅಂಟೂ ಒಂದು. ಇಷ್ಟು ಸರಳವಾದ ಬದಲಾವಣೆ ನಿಯಮವಾಗಲು ಅಷ್ಟು ಕಾಲ ಹಿಡಿದದ್ದು ಖೇದದ ಸಂಗತಿ.

ಸಹಜ ಬುದ್ಧಿಗೆ ವಿರುದ್ಧವೆನಿಸುವ ಒಂದು ತಿಳಿವಳಿಕೆಯೂ ಇಲ್ಲಿದೆ. ಒಳಪೊರೆ ಹರಿದು ಬಯಲಾದ ಜಾಗವನ್ನು ಎಳೆದು ಹೊಲಿದುಬಿಟ್ಟರೆ ಅಂಟು ಕಡಿಮೆಯಾಗುತ್ತದೆಂದು ಹಿಂದೆ ನಂಬಲಾಗಿತ್ತು. ಬ್ರಿಟನ್ನಿನ ಶಸ್ತ್ರವೈದ್ಯ ಹೆರಾಲ್ಡ್ ಎಲ್ಲಿಸ್ 1960ರ ದಶಕದಿಂದ ನಡೆಸಿದ ಪ್ರಯೋಗಗಳು ಇದಕ್ಕೆ ತದ್ವಿರುದ್ಧವಾದುದನ್ನು ತೋರಿಸಿದವು. ತೆರೆದೇ ಬಿಟ್ಟ ಗಾಯ ತಾನಾಗಿ ನುಣುಪಾಗಿ ಮಾಯುತ್ತದೆ. ಬಿಗಿಯಾಗಿ ಎಳೆದು ಹೊಲಿದಾಗ ಹೊಲಿಗೆಯ ಅಂಚಿನ ಅಂಗಾಂಶಕ್ಕೆ ರಕ್ತ ಸಾಲದಾಗಿ, ಆ ಕೊರತೆಯೇ ಅಂಟನ್ನು ಕರೆಯುತ್ತದೆ. ಇದರ ಮೇಲೆ ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ಒಳಪೊರೆಯನ್ನು ಪ್ರತ್ಯೇಕವಾಗಿ ಹೊಲಿಯುವ ಪದ್ಧತಿ ಕಡಿಮೆಯಾಯಿತು. ಸಿಸೇರಿಯನ್ ಹೆರಿಗೆಯ ವಿಷಯದಲ್ಲಿ ಮಾತ್ರ ಹೊಲಿಯಬೇಕೋ ಬಿಡಬೇಕೋ ಎಂಬ ಚರ್ಚೆ ಇನ್ನೂ ನಡೆದಿದೆ.

ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಬದಲು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ವಿಧಾನ ಈ ದೃಷ್ಟಿಯಿಂದ ಲಾಭದಾಯಕ. ಗೋಡೆಯ ಗಾಯ ಚಿಕ್ಕದು, ಅಂಗಗಳು ಹೊರಗಾಳಿಗೆ ಒಡ್ಡಿಕೊಳ್ಳುವುದಿಲ್ಲ, ಬಟ್ಟೆ ಮತ್ತು ಕೈಗಳ ತೀಡುವಿಕೆ ಇಲ್ಲ. ಸ್ಕಾಟ್ಲೆಂಡಿನ ದಾಖಲೆಗಳನ್ನೇ ಆಧರಿಸಿ 72,000ಕ್ಕೂ ಹೆಚ್ಚು ರೋಗಿಗಳನ್ನು ಐದು ವರ್ಷಗಳವರೆಗೆ ಹಿಂಬಾಲಿಸಿದ ಇನ್ನೊಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನೇರವಾಗಿ ಅಂಟಿನಿಂದಾದ ಮರುದಾಖಲಾತಿಯ ಸಂಭವ ತೆರೆದ ಶಸ್ತ್ರಚಿಕಿತ್ಸೆಗಿಂತ ಲ್ಯಾಪರೊಸ್ಕೋಪಿಯಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯೆಂದು ಅದರಿಂದ ತಿಳಿಯಿತು. ಇದು ಗಣನೀಯ ಲಾಭ, ಆದರೆ ಸಮಸ್ಯೆಯ ಪರಿಹಾರವಲ್ಲ. ಒಳಗೆ ಗರ್ಭಕೋಶದ ಗಡ್ಡೆ ತೆಗೆದ ಗಾಯ ಅಷ್ಟೇ ದೊಡ್ಡದಿರುತ್ತದೆ, ಹೊರಗಿನ ರಂಧ್ರ ಎಷ್ಟೇ ಚಿಕ್ಕದಿದ್ದರೂ. ಜೊತೆಗೆ ಹೊಟ್ಟೆಯನ್ನು ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲ ಶುಷ್ಕವೂ ತಣ್ಣಗೂ ಇದ್ದು, ಅದರ ಒತ್ತಡ ಪೊರೆಯ ಕೋಶಗಳಿಗೆ ಆಮ್ಲಜನಕದ ಕೊರತೆಯನ್ನು ಉಂಟುಮಾಡುತ್ತದೆ. ಅನಿಲವನ್ನು ಬೆಚ್ಚಗೆ, ತೇವಯುಕ್ತವಾಗಿ, ಕೆಲಸ ನಡೆಯುವಷ್ಟೇ ಕಡಿಮೆ ಒತ್ತಡದಲ್ಲಿ ಬಿಡುವುದು ಮೇಲೆಂಬ ವಾದ ಹುಟ್ಟಿದ್ದು ಇದರಿಂದಲೇ.

ನಡುವೆ ಇಡುವ ತಡೆಗಳು

ಎಷ್ಟೇ ನಯವಾಗಿ ಮಾಡಿದರೂ ಗಾಯ ಗಾಯವೇ. ಆದ್ದರಿಂದ ಮಾಯುವ ಆ ವಾರದ ಮಟ್ಟಿಗೆ ಎರಡು ಮೇಲ್ಮೈಗಳ ನಡುವೆ ಏನನ್ನಾದರೂ ಇಟ್ಟು ಬೇರ್ಪಡಿಸುವ ಯೋಚನೆ ಸಹಜವಾಗಿಯೇ ಬಂದಿದೆ. ಅಲ್ಲಿ ಇಡುವ ವಸ್ತು ದೇಹಕ್ಕೆ ಒಗ್ಗಬೇಕು, ರಕ್ತವಿದ್ದರೂ ಕೆಲಸ ಮಾಡಬೇಕು, ಬೇಕಾದಷ್ಟು ದಿನ ಅಲ್ಲೇ ನಿಲ್ಲಬೇಕು, ನಂತರ ಗುರುತಿಲ್ಲದೆ ಕರಗಬೇಕು, ಸೋಂಕಿಗೆ ಆಸರೆಯಾಗಬಾರದು, ಉಳಿದ ಗಾಯಗಳು ಮಾಯುವುದಕ್ಕೆ ಅಡ್ಡ ಬರಬಾರದು. ಇವೆಲ್ಲವೂ ಒಂದರಲ್ಲೇ ಕೂಡಿದ ವಸ್ತು ಈವರೆಗೆ ಬಂದಿಲ್ಲ.

ಮೊದಲು ಬಳಕೆಗೆ ಬಂದವುಗಳಲ್ಲಿ ಆಕ್ಸಿಡೀಕರಿಸಿದ ಸೆಲ್ಯುಲೋಸಿನ ಜಾಲರಿಬಟ್ಟೆ ಒಂದು. ಇಂಟರ್‌ಸೀಡ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅದಕ್ಕೆ 1989ರಲ್ಲಿ ಅನುಮತಿ ಸಿಕ್ಕಿತು. ಅಂಡಾಶಯದಂಥ ಅಂಗಗಳ ಮೇಲೆ ಹೊದಿಸಿದರೆ ಅದು ಲೋಳೆಯಾಗಿ ಮಾರ್ಪಟ್ಟು ಮೇಲ್ಮೈಯನ್ನು ಕಾಯುತ್ತದೆ. ಹೆರಿಗೆ ಮತ್ತು ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳಲ್ಲಿ ಇದರಿಂದ ಅಂಟು ಕಡಿಮೆಯಾಗುವುದು ಕಂಡುಬಂದಿದೆ. ಆದರೆ ಕೆಳಗೆ ಸ್ವಲ್ಪ ರಕ್ತ ಒಸರುತ್ತಿದ್ದರೂ ಇದರ ಗುಣ ಕೆಡುತ್ತದೆ, ಹಾಗಾಗಿ ಹೊದಿಸುವ ಮುನ್ನ ರಕ್ತಸ್ರಾವ ಸಂಪೂರ್ಣ ನಿಂತಿರಲೇಬೇಕು.

ಹೆಚ್ಚು ಅಧ್ಯಯನಕ್ಕೊಳಗಾದುದು ಸೋಡಿಯಂ ಹಯಲುರೊನೇಟ್ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಸೇರಿಸಿ ಮಾಡಿದ ತೆಳುಹಾಳೆ. ಸೆಪ್ರಾಫಿಲ್ಮ್ ಎಂಬ ಹೆಸರಿನ ಇದು ಒಂದೆರಡು ದಿನಗಳಲ್ಲಿ ಜೆಲ್ ಆಗಿ, ಸುಮಾರು ಒಂದು ವಾರ ಸ್ಥಳದಲ್ಲಿದ್ದು, ನಾಲ್ಕು ವಾರಗಳೊಳಗೆ ದೇಹದಿಂದ ಹೊರಹೋಗುತ್ತದೆ. 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಎರಡು ಗುಂಪಾಗಿಸಿ, ಒಂದು ಗುಂಪಿಗೆ ಮಾತ್ರ ಗಾಯದ ಕೆಳಗೆ ಈ ಹಾಳೆ ಇಟ್ಟು, ಕೆಲವು ವಾರಗಳ ನಂತರ ಎರಡನೆಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಒಳಗೆ ನೋಡಿದರು. ಹಾಳೆ ಇಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗಾಯದ ಕೆಳಗೆ ಅಂಟೇ ಇರಲಿಲ್ಲ. ಇಡದವರಲ್ಲಿ ಅಂಥವರು ಶೇಕಡಾ 6ರಷ್ಟು ಮಾತ್ರ. ಇದು ಬೆರಗುಗೊಳಿಸುವ ಅಂತರ. ಆದರೆ ರೋಗಿಗೆ ಬೇಕಾದುದು ಅಂಟು ಕಡಿಮೆಯಾಗುವುದಷ್ಟೇ ಅಲ್ಲ, ಅದರಿಂದ ಬರುವ ಕಷ್ಟ ಕಡಿಮೆಯಾಗುವುದು. 1,700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ಈ ಪ್ರಶ್ನೆಯನ್ನೇ ಕೇಳಿತು. ಕರುಳಿನ ಅಡಚಣೆಯ ಒಟ್ಟು ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಟಿನ ಅಡಚಣೆಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಪ್ರಮಾಣ ಮಾತ್ರ ಶೇಕಡಾ 3.4ರಿಂದ 1.8ಕ್ಕೆ ಇಳಿದಿತ್ತು. ಇನ್ನೊಂದು ಎಚ್ಚರಿಕೆಯೂ ಹೊರಬಂತು: ಕರುಳನ್ನು ಜೋಡಿಸಿ ಹೊಲಿದ ಜಾಗಕ್ಕೇ ಈ ಹಾಳೆಯನ್ನು ಸುತ್ತಿದರೆ ಆ ಜೋಡಣೆ ಸೋರುವ ಸಂಭವ ಹೆಚ್ಚುತ್ತದೆ. ಮಾಯುವಿಕೆಗೂ ಅಂಟಿಗೂ ಮೂಲ ಒಂದೇ ಎಂಬ ಹಿಂದಿನ ಮಾತಿಗೆ ಇದು ನೇರ ಪುರಾವೆ.

ಹಾಳೆ ಇಟ್ಟ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ, ಇಡೀ ಹೊಟ್ಟೆಗೆ ತಲಪುವುದು ದ್ರವ ಮಾತ್ರ ಎಂಬ ಯೋಚನೆಯಿಂದ ದ್ರಾವಣಗಳೂ ಬಂದವು. ಸಾಮಾನ್ಯ ಲವಣದ್ರಾವಣವನ್ನು ಹೊಟ್ಟೆಯೊಳಗೆ ಬಿಟ್ಟರೆ ಒಂದು ದಿನದೊಳಗೆ ಹೀರಿಹೋಗುವುದರಿಂದ ಅದು ಉಪಯೋಗಕ್ಕೆ ಬಾರದು. ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಳಿಯಾದ ಐಕೊಡೆಕ್ಸ್ಟ್ರಿನ್‌ನ ಶೇಕಡಾ 4ರ ದ್ರಾವಣ ನಿಧಾನವಾಗಿ ಹೀರಲ್ಪಟ್ಟು ಕೆಲವು ದಿನ ನಿಲ್ಲುತ್ತದೆ. ಲ್ಯಾಪರೊಸ್ಕೋಪಿ ಸ್ತ್ರೀರೋಗ ಶಸ್ತ್ರಚಿಕಿತ್ಸೆಗಾಗಿ ಅಡೆಪ್ಟ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಪಡೆಯಿತು. ಶಸ್ತ್ರಚಿಕಿತ್ಸೆಯ ಕೊನೆಗೆ ಸುಮಾರು ಒಂದು ಲೀಟರನ್ನು ಒಳಗೇ ಬಿಟ್ಟು ಹೊಲಿಯುತ್ತಾರೆ. ಇದರ ಫಲ ಸಾಧಾರಣ. ಇವುಗಳ ನಡುವೆ ಸೋತವೂ ಇವೆ: ಇಂಟರ್‌ಜೆಲ್ ಎಂಬ ಜೆಲ್, ಬಳಸಿದ ನಂತರ ರೋಗಿಗಳಲ್ಲಿ ತೀವ್ರ ನೋವು ಮುಂತಾದ ತೊಂದರೆಗಳು ವರದಿಯಾದುದರಿಂದ 2003ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ನನ್ನ ತಿಳಿವಳಿಕೆಯಂತೆ ಈ ತಡೆಗಳು ಆಯ್ದ ಸಂದರ್ಭಗಳಲ್ಲಿ ಬೆಲೆಯುಳ್ಳವು. ಮುಂದೆ ಗರ್ಭಧಾರಣೆ ಬಯಸುವ ಮಹಿಳೆಯ ಅಂಡಾಶಯದ ಅಥವಾ ಗರ್ಭಕೋಶದ ಗಡ್ಡೆಯ ಶಸ್ತ್ರಚಿಕಿತ್ಸೆ, ಮತ್ತೆ ಹೊಟ್ಟೆ ತೆರೆಯಲೇಬೇಕೆಂದು ಮೊದಲೇ ಗೊತ್ತಿರುವ ಕರುಳಿನ ಶಸ್ತ್ರಚಿಕಿತ್ಸೆ, ಹಿಂದೆ ಅಂಟಿನಿಂದ ನರಳಿದವರ ಮರುಚಿಕಿತ್ಸೆ ಇಂಥ ಕಡೆ ಅವುಗಳನ್ನು ಪರಿಗಣಿಸುವುದು ಯುಕ್ತ. ಒರಟು ಕೈಯ ಕೆಲಸವನ್ನು ಸರಿಪಡಿಸುವ ಶಕ್ತಿ ಮಾತ್ರ ಯಾವ ಹಾಳೆಗೂ ಇಲ್ಲ.

ರೋಗಿಯ ಪಾಲಿಗೆ ಬರುವುದು

ಶಸ್ತ್ರಚಿಕಿತ್ಸೆಯ ನಂತರ ಏನು ತಿಂದರೆ, ಯಾವ ವ್ಯಾಯಾಮ ಮಾಡಿದರೆ ಅಂಟು ಬರುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ಇಂಥದ್ದೊಂದು ಪಥ್ಯವಾಗಲಿ ವ್ಯಾಯಾಮವಾಗಲಿ ಇದೆಯೆಂದು ಸಾಬೀತಾಗಿಲ್ಲ. ಬೇಗ ಎದ್ದು ನಡೆದಾಡುವುದು ಒಳ್ಳೆಯದೇ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು, ಶ್ವಾಸಕೋಶ ಚೆನ್ನಾಗಿ ಹಿಗ್ಗಲು, ಒಟ್ಟಾರೆ ಚೇತರಿಕೆ ಬೇಗನಾಗಲು ಅದು ಬೇಕೇ ಬೇಕು. ಆದರೆ ಅದರಿಂದ ಅಂಟು ತಪ್ಪುತ್ತದೆಂದು ಯಾರೂ ಭರವಸೆ ಕೊಡಲಾರರು. ಹೊಟ್ಟೆಯ ಮಾಲೀಶಿನಿಂದ ಬೆಳೆದ ಅಂಟು ಬಿಟ್ಟುಹೋಗುತ್ತದೆಂಬ ಮಾತಿಗೂ ಗಟ್ಟಿ ಆಧಾರವಿಲ್ಲ, ಹೊಸ ಗಾಯದ ಮೇಲೆ ವೈದ್ಯರ ಸಲಹೆಯಿಲ್ಲದೆ ಒತ್ತಡ ಹಾಕುವುದು ಅಪಾಯಕರ. ಅಂಟು ಬಂದಿದ್ದರೆ ಅದಕ್ಕೆ ರೋಗಿಯ ಅಲಕ್ಷ್ಯ ಕಾರಣವಲ್ಲ ಎಂಬುದನ್ನು ಇಲ್ಲಿ ಒತ್ತಿಹೇಳಬೇಕಾಗಿದೆ. ಎಷ್ಟೋ ಮಂದಿ ತಾವೇ ಏನೋ ತಪ್ಪು ಮಾಡಿದೆವೆಂದು ಕೊರಗುತ್ತಾರೆ.

ರೋಗಿ ಮಾಡಬಹುದಾದುದು ಶಸ್ತ್ರಚಿಕಿತ್ಸೆಗೆ ಮುನ್ನವೇ ಇದೆ. ಈ ಶಸ್ತ್ರಚಿಕಿತ್ಸೆ ಬೇಕೇ ಬೇಕೇ, ಲ್ಯಾಪರೊಸ್ಕೋಪಿಯಲ್ಲಿ ಸಾಧ್ಯವೇ, ನನ್ನ ವಿಷಯದಲ್ಲಿ ಅಂಟಿನ ಅಪಾಯ ಹೆಚ್ಚೇ, ತಡೆಹಾಳೆಯಂಥದ್ದನ್ನು ಬಳಸುವ ಆಲೋಚನೆ ಇದೆಯೇ ಎಂದು ಕೇಳುವುದು ಯಾವ ರೀತಿಯಿಂದಲೂ ಅಧಿಕಪ್ರಸಂಗವಲ್ಲ. ಮುಂದೆ ಮಕ್ಕಳು ಬೇಕೆಂಬ ಆಸೆಯಿದ್ದರೆ ಕಿಬ್ಬೊಟ್ಟೆಯ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಸ್ಪಷ್ಟವಾಗಿ ಹೇಳಿರಬೇಕು.

ಎಚ್ಚರ ವಹಿಸಬೇಕಾದ ಲಕ್ಷಣಗಳನ್ನು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರೂ ವರ್ಷಗಳು ಕಳೆದರೂ ನೆನಪಿನಲ್ಲಿಡಬೇಕು. ಅಲೆಅಲೆಯಾಗಿ ಬಂದುಹೋಗುವ ಹೊಟ್ಟೆನುಲಿತ, ಹಸಿರು ಬಣ್ಣದ ವಾಂತಿ, ಹೊಟ್ಟೆಯುಬ್ಬರ, ಮಲವೂ ವಾಯುವೂ ಹೋಗದಿರುವುದು ಒಟ್ಟಾಗಿ ಕಂಡರೆ ಮನೆಯಲ್ಲಿ ಕಾಯಬಾರದು, ಭೇದಿಮಾತ್ರೆ ತೆಗೆದುಕೊಳ್ಳಬಾರದು. ಬಂದುಹೋಗುತ್ತಿದ್ದ ನೋವು ಬಿಡದೆ ಒಂದೇ ಸಮನಾಗಿ ನಿಂತರೆ, ಜ್ವರ ಬಂದರೆ, ನಾಡಿ ವೇಗವಾದರೆ ಕರುಳಿಗೆ ರಕ್ತ ನಿಂತಿರಬಹುದು; ಆಗ ತುರ್ತು ಶಸ್ತ್ರಚಿಕಿತ್ಸೆಯೊಂದೇ ದಾರಿ. ಅಂಥ ಚಿಹ್ನೆಗಳಿಲ್ಲದಿದ್ದರೆ ಮೂಗಿನಿಂದ ಜಠರಕ್ಕೆ ನಳಿಕೆ ಹಾಕಿ, ರಕ್ತನಾಳದ ಮೂಲಕ ದ್ರವ ಕೊಟ್ಟು, ಸಿ.ಟಿ. ಸ್ಕ್ಯಾನ್ ಮಾಡಿ ಸಾಮಾನ್ಯವಾಗಿ ಮೂರು ದಿನಗಳವರೆಗೆ ಕಾದು ನೋಡುತ್ತಾರೆ. ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ದ್ರವವನ್ನು ನಳಿಕೆಯಿಂದ ಬಿಟ್ಟು, ಅದು ಒಂದು ದಿನದೊಳಗೆ ದೊಡ್ಡಕರುಳನ್ನು ತಲಪಿದೆಯೇ ಎಂದು ಎಕ್ಸ್-ರೇಯಲ್ಲಿ ನೋಡುವ ಕ್ರಮವೂ ಇದೆ. ತಲಪಿದರೆ ಅಡಚಣೆ ಶಸ್ತ್ರಚಿಕಿತ್ಸೆಯಿಲ್ಲದೆ ಬಿಡುವ ಸಾಧ್ಯತೆ ತುಂಬ ಹೆಚ್ಚು.

ಇನ್ನು ಬಹುಕಾಲದ ನೋವಿನ ಮಾತು. ಸಾಮಾನ್ಯ ಸ್ಕ್ಯಾನುಗಳಲ್ಲಿ ಅಂಟು ನೇರವಾಗಿ ಕಾಣಿಸುವುದು ಕಷ್ಟ. ಒಳಗೆ ಅಂಟಿರುವುದು ಗೊತ್ತಾದರೂ ನೋವು ಅದರಿಂದಲೇ ಬಂದಿದೆಯೆಂದು ಹೇಳಲಾಗದು. ನೆದರ್‌ಲ್ಯಾಂಡ್ಸ್‌ನಲ್ಲಿ 100 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ರೋಗಿಗಳ ಅಂಟನ್ನು ಲ್ಯಾಪರೊಸ್ಕೋಪಿಯಿಂದ ಬಿಡಿಸಿ, ಉಳಿದವರಿಗೆ ಒಳಗೆ ನೋಡಿ ಹೊರಬಂದರು. ಎರಡೂ ಗುಂಪಿನವರ ನೋವು ಗಣನೀಯವಾಗಿ ಇಳಿಯಿತು, ಆದರೆ ಬಿಡಿಸಿಕೊಂಡವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಬಿಡಿಸಿದ ಜಾಗವೂ ಹೊಸ ಗಾಯವೇ ಆದ್ದರಿಂದ ಅಲ್ಲಿ ಮತ್ತೆ ಅಂಟು ಬೆಳೆಯುವ ಸಂಭವವಿದೆ, ಬಿಡಿಸುವಾಗ ಕರುಳು ತೂತಾಗುವ ಅಪಾಯವೂ ಇದೆ. ಹಾಗಾಗಿ ಕೇವಲ ನೋವಿಗಾಗಿ ಅಂಟು ಬಿಡಿಸುವ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು.

ಯಾವ ಶಸ್ತ್ರಚಿಕಿತ್ಸೆಯೇ ಆಗಿರಲಿ, ಬಿಡುಗಡೆಯ ಚೀಟಿಯ ಜೊತೆಗೆ ಶಸ್ತ್ರಚಿಕಿತ್ಸೆಯ ವಿವರವಾದ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆದು ಜೋಪಾನವಾಗಿಡಬೇಕು. ಎಲ್ಲಿ ಅಂಟಿತ್ತು, ಯಾವುದು ಯಾವುದಕ್ಕೆ ಕಚ್ಚಿಕೊಂಡಿತ್ತು, ಏನನ್ನು ಬಿಡಿಸಲಾಯಿತು, ತಡೆಹಾಳೆ ಇಡಲಾಯಿತೇ ಎಂಬುದೆಲ್ಲ ಅದರಲ್ಲಿರುತ್ತದೆ. ಮುಂದೊಮ್ಮೆ ಬೇರೆ ಶಸ್ತ್ರವೈದ್ಯರು ಹೊಟ್ಟೆಯನ್ನು ತೆರೆಯಬೇಕಾಗಿ ಬಂದಾಗ, ಹೊಕ್ಕುಳಿನ ಸುತ್ತ ಅಂಟಿದೆಯೆಂಬುದು ಆ ಟಿಪ್ಪಣಿಯಿಂದ ತಿಳಿದರೆ, ಅವರು ಮೊದಲ ರಂಧ್ರವನ್ನು ಅಲ್ಲಿ ಮಾಡದೆ, ಅಂಟು ಕಡಿಮೆ ಕಾಣುವ ಎಡಪಕ್ಕೆಲುಬುಗಳ ಕೆಳಗಿನಿಂದ ಒಳಹೋಗುವ ದಾರಿಯನ್ನು ಆರಿಸಿಕೊಳ್ಳುತ್ತಾರೆ.